ಕಂಪ್ಯೂಟರ್ ಬದಲಾದರೂ ಮೇಲ್ ಕೈತಪ್ಪದಿರಲಿ

ಸೂರತ್‌ನ ರಿಂಗ್ ರೋಡ್ ಜವಳಿ ಮಾರುಕಟ್ಟೆಯ ಅಂಗಡಿಯಲ್ಲಿ ಯಾವ ಇಮೇಲ್ ಪ್ರೋಗ್ರಾಂ ಇರಬೇಕೆಂಬುದನ್ನು ಒಂದರ್ಥದಲ್ಲಿ ಬೆಂಗಳೂರು ತೀರ್ಮಾನಿಸಿದೆ. ಬೆಂಗಳೂರಿನ ಕಂಪನಿಯ ಟ್ಯಾಲಿ ತಂತ್ರಾಂಶಕ್ಕೆ ವಿಂಡೋಸ್ ಬೇಕು. ಲೆಕ್ಕಪತ್ರಕ್ಕೆಂದು ಟ್ಯಾಲಿ, ಟ್ಯಾಲಿಗೆಂದು ವಿಂಡೋಸ್, ವಿಂಡೋಸ್‌ನ ಬೆನ್ನಿಗೆ ಔಟ್‌ಲುಕ್. ಅಹಮದಾಬಾದಿನ ಪಾಲ್ಡಿಯಲ್ಲಿ ವಿನ್ಯಾಸ ಕಲಿಸುವ ಸಂಸ್ಥೆ ಎನ್‌ಐಡಿ ಇದೆ. ಅಂಥ ಕಡೆ ಓದಿ ವಿನ್ಯಾಸದ ಕೆಲಸಕ್ಕೆ ಇಳಿದವರಲ್ಲಿ ಅನೇಕರು ಮ್ಯಾಕ್ ಕೊಳ್ಳುತ್ತಾರೆ. ಅದರಲ್ಲಿ ಆಪಲ್ ಮೇಲ್ ಮೊದಲೇ ಕೂತಿರುತ್ತದೆ. ಅದೇ ಊರಿನ ನವರಂಗಪುರದಲ್ಲಿ, ಉಡುಪಿ ಕಡೆಯ ಅದಮಾರಿನಿಂದ ಹೋದ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ದುಡಿದ ಸಂಶೋಧನಾ ಸಂಸ್ಥೆ ಪಿಆರ್‌ಎಲ್ ಇದೆ. ವಿಜ್ಞಾನದ ದೊಡ್ಡ ಲೆಕ್ಕಾಚಾರಗಳು ಇಂದು ಬಹುಪಾಲು ನಡೆಯುವುದು ಲಿನಕ್ಸ್ ಮೇಲೆ. ಹಾಗಾಗಿ ಅನೇಕ ಸಂಶೋಧಕರ ಮೇಜಿನ ಮೇಲೂ ಲಿನಕ್ಸ್, ಅದರಲ್ಲಿ ಥಂಡರ್‌ಬರ್ಡ್ ಅಥವಾ ಎವಲ್ಯೂಷನ್ ಎಂಬ ಮೇಲ್ ಪ್ರೋಗ್ರಾಂ. ವಡೋದರಾದ ರಿಫೈನರಿ, ರಸಗೊಬ್ಬರ, ಎಂಜಿನಿಯರಿಂಗ್ ವಲಯದಂಥ ಕಡೆ ಮೀಟಿಂಗು, ಕ್ಯಾಲೆಂಡರು, ಮೇಲು ಮೂರೂ ಒಂದೇ ಸರ್ವರಿನಲ್ಲಿ ಹೆಣೆದುಕೊಂಡಿದ್ದರೆ ಔಟ್‌ಲುಕ್ ಬಿಟ್ಟು ಬೇರೆ ದಾರಿ ಕಡಿಮೆ.

ಅಂದರೆ ಕೆಲಸ ಆಪರೇಟಿಂಗ್ ಸಿಸ್ಟಂ ಅನ್ನು ಆರಿಸುತ್ತದೆ, ಅದು ಮೇಲ್ ಪ್ರೋಗ್ರಾಂ ಅನ್ನು ಆರಿಸುತ್ತದೆ. ನಾವು ಆರಿಸುವುದು ಅಪರೂಪ. ಒಂದೇ ಯಂತ್ರದಲ್ಲಿ ಇರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಆದರೆ ಗುಜರಾತಿನ ಈ ಮೂರು ನಗರಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ವರ್ಗಾವಣೆ, ನಿವೃತ್ತಿ, ಧಾರವಾಡಕ್ಕೋ ಕುಂದಾಪುರಕ್ಕೋ ವಾಪಸಾತಿ ಇದ್ದದ್ದೇ. ಅದರ ಜತೆಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಬಹಳಷ್ಟನ್ನು ವಿಂಡೋಸ್ 11 ಒಪ್ಪುವುದಿಲ್ಲ. ಕೆಲವರು ಮ್ಯಾಕ್‌ಗೆ, ಕೆಲವರು ಲಿನಕ್ಸ್‌ಗೆ ಹೊರಟಿದ್ದಾರೆ. ಹೊರಡುವ ಮುನ್ನ ಮಾಡಬೇಕಾದ್ದು ಇಲ್ಲಿದೆ.

ಮೊದಲು: ಮೇಲ್ ಎಲ್ಲಿದೆ ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಪ್ರೋಗ್ರಾಮಿನ ಅಕೌಂಟ್ ಸೆಟ್ಟಿಂಗ್ಸ್ ತೆರೆದು ನಿಮ್ಮ ಖಾತೆಯ ಮುಂದೆ ಪಾಪ್ ಎಂದಿದೆಯೋ ಐಮ್ಯಾಪ್ ಎಂದಿದೆಯೋ ಗಮನಿಸಿ. ಐಮ್ಯಾಪ್‌ನಲ್ಲಿ ಮೇಲ್ ಇರುವುದು ಸರ್ವರಿನಲ್ಲಿ. ನಿಮ್ಮ ಕಂಪ್ಯೂಟರಿನಲ್ಲಿ ಕಾಣುವುದು ಅದರ ಪ್ರತಿ. ಯಂತ್ರ ಕೆಟ್ಟರೂ ಹೊಸತರಲ್ಲಿ ಖಾತೆ ಸೇರಿಸಿದರೆ ಎಲ್ಲ ಮರಳಿ ಬರುತ್ತದೆ. ಪಾಪ್ ಹಾಗಲ್ಲ. ಅದು ಮೇಲ್ ಅನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಸೆಟ್ಟಿಂಗ್ ಹೇಗಿದೆಯೋ ಹಾಗೆ, ತಕ್ಷಣವೋ ಕೆಲವು ದಿನಗಳ ಮೇಲೋ ಸರ್ವರಿನಿಂದ ಅಳಿಸುತ್ತದೆ. ಡಯಲ್‌ಅಪ್ ಕಾಲದಲ್ಲಿ ನಿಮಿಷಕ್ಕೆ ದುಡ್ಡು ಕೊಡುತ್ತಿದ್ದಾಗ, ಸರ್ವರಿನಲ್ಲಿ ಜಾಗವೂ ಕೆಲವೇ ಎಂಬಿ ಇದ್ದಾಗ ಇದು ಸರಿಯಾದ ಏರ್ಪಾಡೇ ಆಗಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗದೊಡನೆ ಬಂದ ಮೇಲೆ ಮೇಲ್ ಅನ್ನು ಸರ್ವರಿನಲ್ಲೇ ಬಿಡುವುದು ರೂಢಿಯಾಯಿತು. ಆದರೆ ಅಂಗಡಿ, ಸಣ್ಣ ಕಾರ್ಖಾನೆಗಳಲ್ಲಿ ಅಂದು ಯಾರೋ ಹಾಕಿಕೊಟ್ಟ ಪಾಪ್ ಖಾತೆಗಳು ಇನ್ನೂ ಹಾಗೇ ಓಡುತ್ತಿವೆ. ನಿಮ್ಮದೂ ಪಾಪ್ ಆಗಿದ್ದರೆ, ಹತ್ತಾರು ವರ್ಷದ ವ್ಯವಹಾರದ ಏಕೈಕ ಪ್ರತಿ ಆ ಒಂದು ಹಾರ್ಡ್ ಡಿಸ್ಕಿನಲ್ಲಿರಬಹುದು. ಬೇರೇನನ್ನೂ ಮಾಡುವ ಮೊದಲು, ಮುಂದೆ ಹೇಳಿರುವಂತೆ ಅದರ ಕಡತವನ್ನು ಗುರುತಿಸಿ ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕಿಗೋ ನಕಲು ಮಾಡಿಟ್ಟುಕೊಳ್ಳಿ.

ಎರಡನೆಯದು: ಯಾವ ಕಡತ ಎಂದು ಗುರುತಿಸಿ

ಔಟ್‌ಲುಕ್ ಪಾಪ್ ಖಾತೆಯ ಮೇಲ್ ಅನ್ನು ಪಿಎಸ್‌ಟಿ ಎಂಬ ಒಂದೇ ದೊಡ್ಡ ಕಡತದಲ್ಲಿ ಇಡುತ್ತದೆ. ಪಕ್ಕದಲ್ಲಿ ಓಎಸ್‌ಟಿ ಎಂಬುದು ಕಂಡರೆ ಅದು ಸರ್ವರಿನ ಪ್ರತಿ. ಅದನ್ನು ನಕಲು ಮಾಡಿ ಒಯ್ದರೆ ಬೇರೆ ಕಡೆ ನೇರವಾಗಿ ತೆರೆಯದು. ವಿಂಡೋಸ್ ಎಕ್ಸ್‌ಪಿ ಕಾಲದ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಫೋಲ್ಡರಿಗೊಂದು ಡಿಬಿಎಕ್ಸ್ ಕಡತವಿತ್ತು. ಥಂಡರ್‌ಬರ್ಡ್ ಮತ್ತು ಲಿನಕ್ಸ್‌ನ ಹಲವು ಪ್ರೋಗ್ರಾಂಗಳು ಎಂಬಾಕ್ಸ್ ಬಳಸುತ್ತವೆ. ಅದು ಸರಳ ಪಠ್ಯ, ಯಾವ ಸಿಸ್ಟಂನಲ್ಲೂ ಓದಬಹುದು. ಆಪಲ್ ಮೇಲ್ ಒಳಗೆ ಬೇರೆ ರೀತಿ ಇಟ್ಟುಕೊಂಡರೂ ಹೊರಕ್ಕೆ ಕೊಡುವಾಗ ಎಂಬಾಕ್ಸ್ ಆಗಿಯೇ ಕೊಡುತ್ತದೆ.

ಮೂರನೆಯದು: ಆಯ್ಕೆ

ಒಂದೇ ಜಿಮೇಲ್ ಖಾತೆ, ದಿನಕ್ಕೆ ನಾಲ್ಕಾರು ಮೇಲ್ ಇರುವವರಿಗೆ ಯಾವ ಪ್ರೋಗ್ರಾಮೂ ಬೇಡ, ಬ್ರೌಸರ್ ಸಾಕು. ಕಚೇರಿಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರಿನ ಖಾತೆಯಿದ್ದರೆ ಔಟ್‌ಲುಕ್ ಇರಲಿ. ಮನೆಯಲ್ಲಿ ಮ್ಯಾಕ್, ಐಫೋನ್ ಮಾತ್ರವೇ ಇದ್ದರೆ ಆಪಲ್ ಮೇಲ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡು ಬಗೆಯ ಸಿಸ್ಟಂ ಇರುವ ಮನೆಗೆ, ಅಥವಾ ಮುಂದೆ ಸಿಸ್ಟಂ ಬದಲಿಸಬಹುದಾದವರಿಗೆ ಥಂಡರ್‌ಬರ್ಡ್ ಒಳ್ಳೆಯದೆಂದು ಧೈರ್ಯವಾಗಿ ಹೇಳುತ್ತೇನೆ. 2004ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ ಅದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ರೂಪ. 2024ರಿಂದ ಆಂಡ್ರಾಯ್ಡ್‌ನಲ್ಲೂ ಇದೆ. ವಿಂಡೋಸ್ ಜತೆ ಉಚಿತವಾಗಿ ಬರುತ್ತಿದ್ದ ಮೇಲ್ ಆ್ಯಪ್‌ನ ಬೆಂಬಲವನ್ನು ಮೈಕ್ರೋಸಾಫ್ಟ್ 2024ರ ಕೊನೆಗೆ ನಿಲ್ಲಿಸಿ ಎಲ್ಲರನ್ನೂ ಹೊಸ ಔಟ್‌ಲುಕ್‌ಗೆ ಕಳಿಸುತ್ತಿದೆ. ಅದರಲ್ಲಿ ಜಿಮೇಲ್‌ನಂಥ ಹೊರಗಿನ ಖಾತೆ ಸೇರಿಸಿದರೆ ಮೇಲ್‌ನ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡ್‌ಗೂ ಹೋಗುತ್ತದೆ. ಗ್ರಾಹಕರ ಬಿಲ್ಲು, ಬ್ಯಾಂಕ್ ವಿವರ ಇಟ್ಟುಕೊಂಡಿರುವ ವ್ಯಾಪಾರಿಗಳು ಒಪ್ಪಿಗೆಯ ಬಟನ್ ಒತ್ತುವ ಮುನ್ನ ಇದನ್ನು ತಿಳಿದಿರಬೇಕು.

ನಾಲ್ಕನೆಯದು: ಖಾತೆ ಸೇರಿಸುವುದು

ಹೆಸರು, ಇಮೇಲ್ ವಿಳಾಸ ಕೊಟ್ಟರೆ ಥಂಡರ್‌ಬರ್ಡ್ ಬಹುಪಾಲು ಸೆಟ್ಟಿಂಗ್‌ಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಕೈಯಾರೆ ತುಂಬಬೇಕಾದರೆ ಐಮ್ಯಾಪ್‌ಗೆ ಪೋರ್ಟ್ 993, ಕಳಿಸುವ ಎಸ್‌ಎಂಟಿಪಿಗೆ 465 ಅಥವಾ 587. ಹಳೆಯ ಪ್ರೋಗ್ರಾಂನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಜಿಮೇಲ್ ಒಳಗೆ ಬಿಡುತ್ತಿಲ್ಲವೆಂಬ ದೂರು ಬಹಳ ಕೇಳಿಬರುತ್ತದೆ. ಬರೀ ಪಾಸ್‌ವರ್ಡ್‌ನಿಂದ ಲಾಗಿನ್ ಆಗುವುದನ್ನು ಗೂಗಲ್ 2022ರಿಂದ ವೈಯಕ್ತಿಕ ಖಾತೆಗಳಲ್ಲಿ ನಿಲ್ಲಿಸಿರುವುದೇ ಕಾರಣ. ಈಗ ಗೂಗಲ್‌ನ ಲಾಗಿನ್ ಪುಟವನ್ನೇ ತೆರೆದು ಒಪ್ಪಿಗೆ ಪಡೆಯುವ ಪ್ರೋಗ್ರಾಂ ಬೇಕು. ಹಳೆಯದನ್ನೇ ಉಳಿಸಿಕೊಳ್ಳಬೇಕೆಂದರೆ ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿಕೊಂಡು ಆ್ಯಪ್ ಪಾಸ್‌ವರ್ಡ್ ಪಡೆಯಬೇಕು.

ಐದನೆಯದು: ಸಾಗಣೆ

ಐಮ್ಯಾಪ್ ಖಾತೆಗೆ ಬೇರೆ ಶ್ರಮವಿಲ್ಲ. ಪಾಪ್‌ನವರಿಗೆ ಸುಲಭದ ದಾರಿಯೆಂದರೆ, ಹಳೆಯ ಪ್ರೋಗ್ರಾಂನಲ್ಲೇ ಐಮ್ಯಾಪ್ ಖಾತೆಯೊಂದನ್ನು ಸೇರಿಸಿ, ಹಳೆಯ ಫೋಲ್ಡರ್‌ಗಳ ಮೇಲ್ ಅನ್ನು ಅದರೊಳಗೆ ನಕಲು ಮಾಡುವುದು. ಹಳೆಯದು ಅಲ್ಲೇ ಇರಲಿ, ಅಳಿಸಬೇಡಿ. ಒಂದೊಂದು ವರ್ಷದ ಮೇಲ್ ಅನ್ನು ಬೇರೆ ಬೇರೆಯಾಗಿ ಕಳಿಸಿ. ಒಮ್ಮೆಗೇ ಎಲ್ಲವನ್ನೂ ಎಳೆದು ಹಾಕಿದರೆ ನಡುವೆ ನಿಂತು, ಎಲ್ಲಿಯವರೆಗೆ ಹೋಯಿತೆಂದೇ ತಿಳಿಯದಾಗುತ್ತದೆ. ಆ ಖಾತೆ ಜಿಮೇಲ್‌ನದಾದರೆ, ಅದರ ಉಚಿತ 15 ಜಿಬಿಯಲ್ಲಿ ಡ್ರೈವ್, ಫೋಟೊಗಳ ಪಾಲೂ ಸೇರಿದೆ ಎಂಬುದು ನೆನಪಿರಲಿ.

ಜಾಗ ಸಾಲದಿದ್ದರೆ ಕಡತವನ್ನೇ ಒಯ್ಯಬೇಕು. ಕ್ಲಾಸಿಕ್, ಅಂದರೆ ಹಳೆಯ ಔಟ್‌ಲುಕ್‌ನಲ್ಲಿ ಫೈಲ್, ಓಪನ್ ಆಂಡ್ ಎಕ್ಸ್‌ಪೋರ್ಟ್, ಇಂಪೋರ್ಟ್/ಎಕ್ಸ್‌ಪೋರ್ಟ್ ಎಂದು ಹೋಗಿ ಪಿಎಸ್‌ಟಿ ತೆಗೆಯಿರಿ. ಲಿನಕ್ಸ್‌ನಲ್ಲಿ ರೀಡ್‌ಪಿಎಸ್‌ಟಿ ಎಂಬ ಉಚಿತ ಸಾಧನ ಅದನ್ನು ಎಂಬಾಕ್ಸ್‌ಗೆ ಬದಲಿಸುತ್ತದೆ. ಆಪಲ್ ಮೇಲ್‌ನಲ್ಲಿ ಮೇಲ್‌ಬಾಕ್ಸ್ ಮೆನುವಿನ ಎಕ್ಸ್‌ಪೋರ್ಟ್ ಸಾಕು. ಥಂಡರ್‌ಬರ್ಡ್‌ನಿಂದ ಥಂಡರ್‌ಬರ್ಡ್‌ಗಾದರೆ, ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್‌ನಲ್ಲಿ ಪ್ರೊಫೈಲ್ ಫೋಲ್ಡರ್ ಎಲ್ಲಿದೆಯೆಂದು ತೋರಿಸುತ್ತದೆ. ಪ್ರೋಗ್ರಾಂ ಮುಚ್ಚಿ ಆ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ.

ಕನ್ನಡದ ಮೇಲ್‌ಗಳು

ಯೂನಿಕೋಡ್ ಕನ್ನಡ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯೊಡನೆ, ತುಂಗಾ ಫಾಂಟ್‌ನಲ್ಲಿ. ಯೂನಿಕೋಡ್‌ನ ಮೇಲ್ ಇಂದಿನ ಮೂರೂ ಸಿಸ್ಟಂಗಳಲ್ಲಿ ಸರಿಯಾಗಿ ಕಾಣುತ್ತದೆ. ಲಿನಕ್ಸ್‌ನಲ್ಲಿ ಅಕ್ಷರದ ಬದಲು ಚೌಕ ಕಂಡರೆ ಕನ್ನಡ ಫಾಂಟ್‌ಗಳ ಪ್ಯಾಕೇಜ್ ಹಾಕಿ. ಡೆಬಿಯನ್, ಉಬುಂಟುವಿನಲ್ಲಿ ನವಿಲು, ಗುಬ್ಬಿ, ಲೋಹಿತ್ ಎಲ್ಲ ಸಿಗುತ್ತವೆ. ಯೂನಿಕೋಡ್‌ಗೂ ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಮೇಲ್‌ಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಹಾಳಾಗಿವೆಯೆಂದು ಅಳಿಸಬೇಡಿ, ಅವು ಹಾಳಾಗಿಲ್ಲ. ಆ ಪಠ್ಯವನ್ನು ನುಡಿಯ ಅಥವಾ ಬರಹದ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಊರು ಬಿಟ್ಟು ಗುಜರಾತಿಗೆ ಬಂದ ಹೊಸತರಲ್ಲಿ ಅಪ್ಪ, ಅಣ್ಣಂದಿರು ಬರೆದ ಮೇಲ್‌ಗಳು ಎಷ್ಟೋ ಮನೆಗಳಲ್ಲಿ ಹೀಗೆ ಮೂಲೆ ಸೇರಿವೆ. ಅವುಗಳಿಗಾಗಿ ಒಂದು ಭಾನುವಾರ ಕೊಡುವುದು ಸಾರ್ಥಕ.

ಇನ್ನೊಂದು ಸಣ್ಣ ತೊಡಕು: ಔಟ್‌ಲುಕ್‌ನಿಂದ ಬಂದ ಮೇಲ್ ಥಂಡರ್‌ಬರ್ಡ್‌ನಲ್ಲಿ ವಿನ್‌ಮೇಲ್ ಡಾಟ್ ಡ್ಯಾಟ್ ಎಂಬ ಕಡತವಾಗಿ ಕಂಡರೆ, ಕಳಿಸಿದವರಿಗೆ ರಿಚ್ ಟೆಕ್ಸ್ಟ್ ಬಿಟ್ಟು ಎಚ್‌ಟಿಎಂಎಲ್ ರೂಪದಲ್ಲಿ ಕಳಿಸಲು ಹೇಳಿ.

ಎಲ್ಲ ಮುಗಿದ ಮೇಲೆ ಹೊಸ ಯಂತ್ರದಲ್ಲಿ ಅತ್ಯಂತ ಹಳೆಯ ಒಂದು ಮೇಲ್, ಅಟ್ಯಾಚ್‌ಮೆಂಟ್ ಇರುವ ಒಂದು, ಕನ್ನಡದ ಒಂದು, ಸೆಂಟ್ ಫೋಲ್ಡರಿನ ಒಂದು, ಇಷ್ಟನ್ನು ತೆರೆದು ನೋಡಿ. ನಾಲ್ಕೂ ತೆರೆದರೆ ಮಾತ್ರ ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿ. ಒಂದು ತೆರೆಯದಿದ್ದರೂ ಆ ಕಂಪ್ಯೂಟರನ್ನು ಯಾರಿಗೂ ಕೊಡಬೇಡಿ.