ಬೆಳಗ್ಗಿನ ಕಣ್ಣ ಚಾ ಮತ್ತು ಬೋರ್‌ವೆಲ್ ನೀರು

ಕಳೆದ ವರ್ಷ ಏಪ್ರಿಲಿನಲ್ಲಿ ನಮ್ಮ ಮನೆಬಾವಿ ಬತ್ತಿತು. ತೋಟಕ್ಕೆಂದು ಕೊರೆಸಿದ್ದ ಬೋರ್‌ವೆಲ್ಲಿನಿಂದಲೇ ಅಡುಗೆಮನೆಗೂ ಒಂದು ಪೈಪು ಎಳೆದೆವು. ಮರುದಿನ ಬೆಳಗ್ಗೆ ಚಾ ನೋಡಿದರೆ ಶಾಯಿಯ ಹಾಗೆ ಕಪ್ಪು. ಮೇಲೆ ಎಣ್ಣೆ ಬಿದ್ದ ಹಾಗೆ ಒಂದು ತೆಳು ಕೆನೆ, ಲೋಟದ ಒಳಗೆ ಸುತ್ತ ಕಂದು ಗೆರೆ. ರುಚಿಯಂತೂ ಕೇಳುವುದೇ ಬೇಡ. ನನಗೆ ಸಂಶಯ ಬಂದದ್ದು ಚಾಪುಡಿಯ ಮೇಲೆ. ಅಂಗಡಿಗೆ ಹೋಗಿ ಎರಡು ಮಾತು ಬೈದು ಬೇರೆ ಪ್ಯಾಕೆಟ್ ತಂದೆ. ಅದೂ ಹಾಗೇ. ಮೂರನೆಯದೂ ಹಾಗೇ! ಕೊನೆಗೆ ನೆರೆಮನೆಯವರ ಬಾವಿಯಿಂದ ಒಂದು ಕೊಡ ನೀರು ತಂದು, ಅದೇ ಪುಡಿಯಲ್ಲಿ ಎರಡು ಲೋಟ ಚಾ ಮಾಡಿ ಪಕ್ಕದಲ್ಲಿ ಪಕ್ಕ ಇಟ್ಟು ನೋಡಿದಾಗ ಸಂಗತಿ ಗೊತ್ತಾಯಿತು. ಒಂದು ಜೇನಿನ ಹಾಗೆ ಕೆಂಪು, ಇನ್ನೊಂದು ಮಸಿ. ಅಂಗಡಿಯವರಲ್ಲಿ ತಪ್ಪಾಯಿತು ಎಂದು ಹೇಳಿ ಬಂದದ್ದೂ ಆಯಿತು.

ಹಾಲಿನ ಚಾ ಕುಡಿಯುವವರಿಗೆ ಈ ವ್ಯತ್ಯಾಸ ಅಷ್ಟು ಬೇಗ ಕಾಣುವುದಿಲ್ಲ. ಹಾಲು ಬಹಳ ಸಂಗತಿ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಬೆಳಗ್ಗೆ ದೋಸೆಯೊಟ್ಟಿಗೆ ಕಣ್ಣ ಚಾವೇ ರೂಢಿ. ಹಾಲು ಸೊಸೈಟಿಗೆ ಹೋಗುವ ಮನೆಗಳಲ್ಲಿ ಇದು ಹೊಸತೇನಲ್ಲ. ಆದರೆ ಕಣ್ಣ ಚಾ ಎಂದರೆ ಹಾಲಿಲ್ಲದ ಬಡವರ ಚಾ ಎಂಬ ಭಾವನೆ ನಮ್ಮಲ್ಲಿದೆ. ಹಾಗಾಗಿ ಅದನ್ನು ಸರಿಯಾಗಿ ಮಾಡುವುದು ಹೇಗೆಂದು ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ.

ಚಾದ ಚೊಗರು

ಅಡಿಕೆ ಬೆಳೆಗಾರರಿಗೆ ಚೊಗರು ಎಂದರೆ ವಿವರಿಸಬೇಕಾಗಿಲ್ಲ. ಎಳೆ ಅಡಿಕೆಯನ್ನು ಕಬ್ಬಿಣದ ಕತ್ತಿಯಲ್ಲಿ ಕೊಯ್ದರೆ ಕತ್ತಿಯೂ ಕೈಯೂ ಕಪ್ಪಾಗುವುದು ಎಲ್ಲರೂ ನೋಡಿದ್ದೇ. ಅಡಿಕೆಯ ಚೊಗರು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಆಗುವುದು ಅದು. ಹಿಂದಿನ ಕಾಲದಲ್ಲಿ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಚಾ ಎಲೆಯಲ್ಲಿಯೂ ಇದೇ ಜಾತಿಯ ಚೊಗರು ಧಾರಾಳ ಇದೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಲೋಟದೊಳಗೇ ಶಾಯಿ ತಯಾರು.

ಮೇಲೆ ಕಟ್ಟುವ ಕೆನೆಯದ್ದು ಬೇರೆ ಕಥೆ. ಅದು ಗಡಸು ನೀರಿನ ಸುಣ್ಣದ ಅಂಶ ಚಾದ ಚೊಗರಿನೊಂದಿಗೆ, ಗಾಳಿ ತಾಗುವ ಮೇಲ್ಭಾಗದಲ್ಲಿ ಸೇರಿ ಆಗುವಂಥದ್ದು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಾದರೆ ನಿಮ್ಮ ನೀರು ಗಡಸು ಎಂದೇ ತಿಳಿಯಬಹುದು.

ಇದಕ್ಕೆ ನಾವು ಮಾಡಿಕೊಂಡ ಉಪಾಯ ಸುಲಭದ್ದು. ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿಸಿ, ಒಂದೆರಡು ಸಲ ಎತ್ತರದಿಂದ ಹೊಯ್ದು ಗಾಳಿ ತಾಗಿಸಿ ಇಡುವುದು. ಬೆಳಗ್ಗೆ ತಳದಲ್ಲಿ ಕೆಂಪು ಗಸಿ ನಿಂತಿರುತ್ತದೆ, ಕಬ್ಬಿಣವೇ ಅದು. ಮೇಲಿನ ತಿಳಿ ಬಗ್ಗಿಸಿ ಐದು–ಹತ್ತು ನಿಮಿಷ ಚೆನ್ನಾಗಿ ಕುದಿಸಿ ಇಟ್ಟರೆ ಸುಣ್ಣದ ಒಂದಷ್ಟು ಪಾಲು ತಳ ಹಿಡಿಯುತ್ತದೆ. ಅದನ್ನು ಅಲುಗಿಸದೆ ಮತ್ತೊಂದು ಪಾತ್ರೆಗೆ ಬಗ್ಗಿಸಿ, ಪುನಃ ಒಂದು ಕುದಿ ಬರಿಸಿ ಚಾ ಮಾಡುವುದು. ಬಾವಿ ನೀರಿನಷ್ಟು ಒಳ್ಳೆಯದಾಗುವುದಿಲ್ಲ, ಆದರೆ ಕುಡಿಯಬಹುದು. ಇಷ್ಟೆಲ್ಲ ಪುರುಸೊತ್ತು ಇಲ್ಲದವರು ಸೋಸಿದ ಚಾಕ್ಕೆ ನಾಲ್ಕು ಹನಿ ಲಿಂಬೆ ಹಿಂಡಿ. ಕೆನೆ ಕರಗಿ ಬಣ್ಣ ತಿಳಿಯಾಗುವುದನ್ನು ಕಣ್ಣಾರೆ ನೋಡಬಹುದು. ನಮ್ಮಲ್ಲಿ ಮಳೆ ಹಿಡಿದ ಮೇಲೆ ಬಾವಿ ತುಂಬಿತು, ಈಗ ಚಾಕ್ಕೆ ಮಾತ್ರ ಬಾವಿ ನೀರೇ.

ಎಷ್ಟು ಪುಡಿ, ಎಷ್ಟು ಹೊತ್ತು

ನಾವು ತರುವ ಕಾಳು ಕಾಳಿನ ಪುಡಿ ಸಿ.ಟಿ.ಸಿ. ಜಾತಿಯದ್ದು. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಯಂತ್ರ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ್ದು. ಎಲೆಯನ್ನು ಮೊದಲು ಬಾಡಿಸಿ, ಜಜ್ಜಿ, ಗಾಳಿಗೆ ಹರಡುತ್ತಾರೆ. ಕೊಯ್ದ ಬಾಳೆಕಾಯಿ ಕಪ್ಪಾಗುತ್ತದಲ್ಲ, ಅದೇ ಕ್ರಿಯೆ ಇಲ್ಲೂ ನಡೆದು ಹಸಿರು ಎಲೆ ತಾಮ್ರದ ಬಣ್ಣಕ್ಕೆ ಬರುತ್ತದೆ. ಕಾರ್ಖಾನೆಯವರು ಇದನ್ನು ಹುಳಿ ಬರಿಸುವುದು ಎನ್ನುತ್ತಾರಾದರೂ ದೋಸೆ ಹಿಟ್ಟಿನ ಹುಳಿಗೂ ಇದಕ್ಕೂ ಸಂಬಂಧ ಇಲ್ಲ, ಸೂಕ್ಷ್ಮಜೀವಿಯ ಕೆಲಸ ಅಲ್ಲ. ಹದ ಬಂದಾಗ ಬಿಸಿಗಾಳಿಯಲ್ಲಿ ಒಣಗಿಸಿ ನಿಲ್ಲಿಸುತ್ತಾರೆ. ಸುಮಾರು ನಾಲ್ಕೂವರೆ ಕಿಲೊ ಹಸಿ ಎಲೆಗೆ ಒಂದು ಕಿಲೊ ಪುಡಿ. ಸಕಲೇಶಪುರ ಕಡೆಯ ಕಾಡುಮನೆ, ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು – ನಮ್ಮ ರಾಜ್ಯದಲ್ಲಿ ಚಾ ತೋಟ ನೋಡಬೇಕಾದರೆ ಇಂಥ ಕೆಲವೇ ಕಡೆ.

ಎಲೆ ಇಷ್ಟು ಚೂರಾದ ಮೇಲೆ ಅದರ ಸತ್ವ ಬಿಡಲು ಹೆಚ್ಚು ಹೊತ್ತು ಬೇಡ. ನಾವು ಮಾಡುವ ತಪ್ಪೇ ಇದು: ತಣ್ಣೀರಿಗೇ ಪುಡಿ ಹಾಕಿ, ಒಲೆ ಮೇಲಿಟ್ಟು, ದನಕ್ಕೆ ಹುಲ್ಲು ಹಾಕಿ ಬರುವಷ್ಟು ಹೊತ್ತು ಕೊತಕೊತ ಕುದಿಸುವುದು. ಹಾಲು ಹಾಕುವುದಾದರೆ ಅದು ನಡೆದೀತು. ಹಾಲಿನ ಅಂಶ ಚೊಗರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾಯಿ ಒಗರಾಗುವುದಿಲ್ಲ. ಕಣ್ಣ ಚಾಕ್ಕೆ ಅಂಥ ರಕ್ಷಣೆ ಇಲ್ಲ. ಕುದಿಸಿದಷ್ಟೂ ಪರಿಮಳ ಹಬೆಯಲ್ಲಿ ಹೋಗಿ ಚೊಗರು ಉಳಿಯುತ್ತದೆ. ಆಮೇಲೆ ಅದನ್ನು ಮುಚ್ಚಲಿಕ್ಕೆ ಮೂರು ಚಮಚ ಸಕ್ಕರೆ!

ಹೀಗೆ ಮಾಡಿ ನೋಡಿ. ಒಂದು ಲೋಟಕ್ಕೆ, ಅಂದರೆ 150 ಮಿಲಿಲೀಟರಿಗೆ, 2 ಗ್ರಾಂ ಪುಡಿ. ಸಣ್ಣ ಚಮಚದಲ್ಲಿ ಸಮಮಟ್ಟಕ್ಕೆ ಒಂದು, ಗೋಪುರ ಮಾಡಬೇಡಿ. ನೀರು ಗುಳುಗುಳು ಕುದಿಯಬೇಕು, ಹಬೆ ಬಂದರೆ ಸಾಲದು. ಚಾ ಮಾಡುವ ಪಾತ್ರೆಗೆ ಮೊದಲು ಸ್ವಲ್ಪ ಬಿಸಿನೀರು ಸುತ್ತಿಸಿ ಚೆಲ್ಲಿ. ತಣ್ಣನೆಯ ಸ್ಟೀಲಿಗೆ ಹೊಯ್ದರೆ ನೀರಿನ ಬಿಸಿ ಅಲ್ಲೇ ಇಳಿಯುತ್ತದೆ. ಪುಡಿ ಹಾಕಿ, ಅದರ ಮೇಲೆ ಕುದಿ ನೀರು ಹೊಯ್ದು, ಮುಚ್ಚಿಡಿ. ಒಲೆ ಮೇಲೆ ಪುನಃ ಇಡಬಾರದು. ಡಸ್ಟ್ ಎಂಬ ಸಣ್ಣ ಪುಡಿಗೆ ಎರಡು ನಿಮಿಷ, ದಪ್ಪ ಕಾಳಿಗೆ ಮೂರು. ಎಲೆ ಎಲೆಯಾಗಿರುವ ಆರ್ಥೊಡಾಕ್ಸ್ ಚಾ ಸಿಕ್ಕಿದರೆ ನಾಲ್ಕೈದು. ಸೋಸುವಾಗ ಚರಟವನ್ನು ಚಮಚದಲ್ಲಿ ಒತ್ತಿ ಹಿಂಡುವ ಲೋಭ ಬೇಡ, ಕೊನೆಗೆ ಬರುವುದು ಒಗರೇ.

ಕಡು ಬೇಕೆನ್ನುವವರು ಪುಡಿ ಹೆಚ್ಚು ಮಾಡಲಿ, ಹೊತ್ತು ಹೆಚ್ಚು ಮಾಡುವುದು ಬೇಡ. ಚಾ ರುಚಿ ನೋಡುವ ಪರಿಣತರಿಗೆ 1980ರಲ್ಲಿ ಅಂತಾರಾಷ್ಟ್ರೀಯ ಮಾನಕವೊಂದು ಬಂದಿದೆ: 100 ಮಿಲಿಲೀಟರಿಗೆ 2 ಗ್ರಾಂ, ಆರು ನಿಮಿಷ. ಅದು ಪುಡಿಯ ಗುಣದೋಷ ಎಲ್ಲ ಹೊರಬರಲಿ ಎಂದು ಮಾಡಿದ್ದು. ಮನೆಯವರು ಹಾಗೆ ಕುಡಿದರೆ ಮುಖ ಹುಳ್ಳಗಾದೀತು.

ಐದು ಜನರ ಮನೆ, ದಿನಕ್ಕೆ ಎರಡು ಹೊತ್ತು ಎಂದರೆ ಹತ್ತು ಲೋಟ, 20 ಗ್ರಾಂ, ತಿಂಗಳಿಗೆ 600 ಗ್ರಾಂ. ನಮ್ಮಲ್ಲಿ ಅಂದಾಜಿಗೆ ಸುರಿಯುತ್ತಿದ್ದಾಗ ಒಂದು ಕಿಲೊ ಸಾಲುತ್ತಿರಲಿಲ್ಲ. ಉಳಿದ ದುಡ್ಡಿನಲ್ಲಿ ಒಂದು ದರ್ಜೆ ಮೇಲಿನ ಪುಡಿ ತರುವುದಕ್ಕೆ ಆಗಿದೆ. ಬೆಲ್ಲ ಹಾಕುವವರಿಗೆ ಒಂದು ಮಾತು: ಬೆಲ್ಲಕ್ಕೆ ಹಾಲು ಒಡೆಯುವ ತಾಪತ್ರಯ ಕಣ್ಣ ಚಾದಲ್ಲಿ ಇಲ್ಲವೇ ಇಲ್ಲ. ಲಿಂಬೆ ಹಿಂಡುವುದಾದರೆ ಅಲ್ಯೂಮಿನಿಯಂ ಪಾತ್ರೆ ಬೇಡ.

ಒಳ್ಳೆಯ ಚಾ ತಣಿದ ಮೇಲೆ ಮಸುಕಾಗುವುದುಂಟು. ಹಾಳಾಯಿತೆಂದು ಚೆಲ್ಲಬೇಡಿ. ಅದರ ಕೆಫೀನೂ ಬಣ್ಣದ ಅಂಶವೂ ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ಳುವುದು ಅಷ್ಟೆ, ಬಿಸಿ ಮಾಡಿದರೆ ತಿಳಿಯಾಗುತ್ತದೆ. ಪುಡಿ ಸತ್ವದ್ದು ಎಂಬುದಕ್ಕೆ ಗುರುತು ಎಂದೇ ಹೇಳಬಹುದು.

ಹೊಟ್ಟೆಯೊಳಗಿನ ಶಾಯಿ

ಈ ಲೇಖನ ಬರೆಯುವಂತೆ ಮಾಡಿದ್ದು ಮುಂದಿನ ಸಂಗತಿ. ಅದೇ ಬೇಸಿಗೆಯಲ್ಲಿ ಮನೆಯಾಕೆಗೆ ವಿಪರೀತ ಸುಸ್ತು. ಅಂಗಳ ಗುಡಿಸಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. ಕಬ್ಬಿಣದ ಗುಳಿಗೆ ಕೊಟ್ಟರು. ಎರಡು ತಿಂಗಳು ತಪ್ಪದೆ ನುಂಗಿದರೂ ಪುನಃ ನೋಡಿದಾಗ ಎಂಟರ ಆಸುಪಾಸೇ. ಗುಳಿಗೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿದವರು ಊರಿನ ಆರೋಗ್ಯ ಕಾರ್ಯಕರ್ತೆ. ಬೆಳಗ್ಗೆ ತಿಂಡಿ ಆಗಿ, ಚಾದೊಟ್ಟಿಗೆ! ಮರೆಯದಿರಲಿ ಎಂದು ನಾನೇ ಲೋಟದ ಪಕ್ಕ ಇಡುತ್ತಿದ್ದದ್ದು.

ಲೋಟದಲ್ಲಿ ಚೊಗರು ಕಬ್ಬಿಣವನ್ನು ಹಿಡಿದು ಕಪ್ಪಾದದ್ದನ್ನು ಕಣ್ಣಲ್ಲಿ ನೋಡಿದ್ದೆವು. ಹೊಟ್ಟೆಯಲ್ಲಿಯೂ ಅದೇ ಆಗುತ್ತಿತ್ತು ಎಂದು ಹೊಳೆದಿರಲಿಲ್ಲ. ಚೊಗರು ಹಿಡಿದ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಗುಳಿಗೆಯದ್ದು ಮಾತ್ರವಲ್ಲ, ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಕ್ಕೂ ಇದೇ ಗತಿ. ಮೀನು–ಮಾಂಸದ ಕಬ್ಬಿಣಕ್ಕೆ ಇದರ ಬಾಧೆ ಕಡಿಮೆ, ಹಾಗಾಗಿ ಸಸ್ಯಾಹಾರಿ ಮನೆಗಳವರು ಹೆಚ್ಚು ಜಾಗ್ರತೆ ಮಾಡಬೇಕು. ಹಾಲು ಹಾಕಿದರೆ ಪಾರಾದೆವು ಎಂದೂ ತಿಳಿಯುವಂತಿಲ್ಲ. ಕಾಫಿಯೂ ಸಾಚಾ ಅಲ್ಲ.

ಗುಳಿಗೆಯನ್ನು ಚಾದಿಂದ ದೂರ, ಲಿಂಬೆ ಶರಬತ್ತಿನೊಟ್ಟಿಗೆ ತೆಗೆದುಕೊಳ್ಳಲು ಹೇಳಿದರು. ಲಿಂಬೆ, ನೆಲ್ಲಿಯ ಸಿ ಜೀವಸತ್ವ ಕಬ್ಬಿಣ ಹತ್ತಲಿಕ್ಕೆ ಸಹಾಯ ಮಾಡುತ್ತದೆ. ಚಾ ಬಿಡಬೇಕಾಗಿಲ್ಲ, ಊಟ–ತಿಂಡಿ ಆಗಿ ಒಂದು ಗಂಟೆ ಬಿಟ್ಟು ಕುಡಿದರೆ ಸಾಕೆಂದರು. ಮೂರು ತಿಂಗಳಲ್ಲಿ ಹತ್ತು ದಾಟಿತು. ಅದೇ ಸಮಯಕ್ಕೆ ಹರಿವೆ, ನುಗ್ಗೆಸೊಪ್ಪು ತಿನ್ನುವುದೂ ಹೆಚ್ಚಾಗಿತ್ತು, ಆದಕಾರಣ ಎಲ್ಲ ಶ್ರೇಯಸ್ಸೂ ಚಾ ಕುಡಿಯುವ ಹೊತ್ತು ಬದಲಿಸಿದ್ದಕ್ಕೇ ಎಂದು ನಾನು ಹೇಳಲಾರೆ. ಕೆಲಸದವರಿಗೂ ಈಗ ತಿಂಡಿಯೊಟ್ಟಿಗೆ ಮಜ್ಜಿಗೆಯೋ ನೀರೋ ಕೊಟ್ಟು, ಚಾವನ್ನು ಹತ್ತು ಗಂಟೆಗೆ ತೋಟಕ್ಕೇ ಕಳಿಸುತ್ತೇವೆ. ಮೊದಮೊದಲು ಗೊಣಗಿದರು. ಈಗ ಹತ್ತು ಗಂಟೆಯ ಚಾ ತಡವಾದರೆ ಗೊಣಗುತ್ತಾರೆ.

ಪುಡಿ ಇಡುವುದು, ಪರೀಕ್ಷಿಸುವುದು

ಮಳೆಗಾಲದಲ್ಲಿ ಚಾಪುಡಿ ಗಾಳಿಯ ಪಸೆಯನ್ನೂ ಅಕ್ಕಪಕ್ಕದ ವಾಸನೆಯನ್ನೂ ಬಟ್ಟೆಯ ಹಾಗೆ ಹೀರುತ್ತದೆ. ಇಂಗು, ಒಳ್ಳೆಮೆಣಸು, ಒಣಮೀನಿನ ಹತ್ತಿರ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಒದ್ದೆ ಚಮಚ ತಾಗಿಸದಿದ್ದರಾಯಿತು.

ಸಂಶಯ ಇದ್ದರೆ ಬಿಳಿ ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಹರಡಿ ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ನಲ್ಲಿ ನೀರಲ್ಲಿ ತೊಳೆದು ಕಾಗದವನ್ನು ಬೆಳಕಿಗೆ ಹಿಡಿಯಿರಿ. ಬಣ್ಣ ಹಾಕಿದ ಪುಡಿಯಾದರೆ ಕಲೆ ಉಳಿಯುತ್ತದೆ, ಶುದ್ಧ ಪುಡಿಯಾದರೆ ಇಲ್ಲ. ಅಯಸ್ಕಾಂತ ಆಡಿಸಿದರೆ ಕಬ್ಬಿಣದ ಚೂರಿದ್ದರೆ ಅಂಟುತ್ತದೆ. ನಾನು ಇದನ್ನೆಲ್ಲ ಮಾಡಿದ್ದು ಅಂಗಡಿಯವರಿಗೆ ಬೈದು ಬಂದ ಮೇಲೆ, ಮೊದಲೇ ಮಾಡಬೇಕಿತ್ತು.

ಕಣ್ಣ ಚಾದ ಚರಟದಲ್ಲಿ ಹಾಲಿಲ್ಲ, ಸಕ್ಕರೆ ಸೋಸಿದ ಮೇಲೆ ಹಾಕುವುದಾದರೆ ಅದೂ ಇಲ್ಲ. ಇರುವೆ ಮುತ್ತುವುದಿಲ್ಲ. ನಮ್ಮಲ್ಲಿ ಅದು ನೇರ ಮಲ್ಲಿಗೆ ಬುಡಕ್ಕೆ ಹೋಗುತ್ತದೆ, ಮೇಲೆ ಒಂದು ಹಿಡಿ ತರಗೆಲೆ.