ತೊಖಾರಿಯನ್ನರು: ಮೂಲ ಮತ್ತು ಬದುಕು

ಪ್ರಶ್ನೆ: ಚೀನಾದ ಟಾರಿಮ್ ಮರಳುಗಾಡಿನಲ್ಲಿ ಸಿಕ್ಕ, ನಾಲ್ಕು ಸಾವಿರ ವರ್ಷ ಹಳೆಯ ಕೆಂಗೂದಲ ಶವಗಳು ತೊಖಾರಿಯನ್ನರವು ಎಂದು ಓದಿದೆ. ಅವರು ಯುರೋಪಿನಿಂದ ಬಂದವರೇ?
– ಇತಿಹಾಸ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಆ ಶವಗಳಿಗೂ ತೊಖಾರಿಯನ್ನರಿಗೂ ಅವಸರದಲ್ಲಿ ನಂಟು ಕಟ್ಟಬೇಡಿ. 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ, ಟಾರಿಮ್‌ನ ಶಿಯಾವೊಹೆಯಲ್ಲಿ ಸಿಕ್ಕ ಅತಿ ಹಳೆಯ ಜನ ಪಶ್ಚಿಮದಿಂದ ವಲಸೆ ಬಂದವರಲ್ಲ. ಏಷ್ಯಾದ ಒಳನಾಡಿನ ಪುರಾತನ ಬುಡದವರು. ತೊಖಾರಿಯನ್ ಬರಹಗಳು ದೊರೆಯುವುದು ಅವರ ನಂತರ ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ.

ತೊಖಾರಿಯನ್ನರ ಮೂಲದ ಸುಳಿವನ್ನು ಅವರ ಮಾತಿನಲ್ಲೇ ಹುಡುಕಬೇಕು. ಟಾರಿಮ್ ಅಂಚಿನ ತೊಖಾರಿಯನ್ ಪಟ್ಟಣವಾದ ಕೂಚಾದ ನುಡಿಯಲ್ಲಿ ತಂದೆ 'ಪಾಚೆರ್', ತಾಯಿ 'ಮಾಚೆರ್', ಸಹೋದರ 'ಪ್ರೋಚೆರ್'. ಪಿತೃ, ಮಾತೃ, ಭ್ರಾತೃ ಕಿವಿಗೆ ಬೀಳುತ್ತವಲ್ಲವೇ? ಆದರೆ ನೂರಕ್ಕೆ 'ಕಂತೆ' ಎನ್ನುತ್ತಿದ್ದರು. ಅದು ಸಂಸ್ಕೃತದ 'ಶತ'ಕ್ಕಿಂತ ಲ್ಯಾಟಿನ್ನಿನ 'ಕೆಂಟುಮ್'ಗೆ ಹತ್ತಿರ. ಇದು ಇಂಡೋ-ಯುರೋಪಿಯನ್ ಭಾಷೆಯೆಂದು ಜರ್ಮನಿಯ ವಿದ್ವಾಂಸರಾದ ಜೀಗ್ ಮತ್ತು ಜೀಗ್ಲಿಂಗ್ 1908ರಲ್ಲಿ ತೋರಿಸಿದರು. ಕ್ರಿ.ಪೂ. 3000ದ ಆಸುಪಾಸಿನಲ್ಲಿ ಅಲ್ಟಾಯ್ ಸೀಮೆಯಲ್ಲಿದ್ದ ಅಫನಾಸ್ಯೆವೊ ಪಶುಪಾಲಕರೇ ತೊಖಾರಿಯನ್ನರ ಪೂರ್ವಿಕರೆಂಬ ವಾದ ನನಗೆ ಒಪ್ಪಿಗೆ. ಆದರೂ ಅದು ವಾದ. ಪರೀಕ್ಷೆಯಲ್ಲಿ ಸಾಬೀತಾದ ಸಂಗತಿಯೆಂದು ಬರೆಯಬೇಡಿ.

ಪ್ರಶ್ನೆ: ಅವರ ದಿನನಿತ್ಯದ ಬದುಕು ಹೇಗಿತ್ತು?
– ಪ್ರೌಢಶಾಲಾ ಶಿಕ್ಷಕರು, ಧಾರವಾಡ

ಉತ್ತರ: ಇಮ್ಮಡಿ ಪುಲಕೇಶಿಯನ್ನು ಕುರಿತು ಬರೆದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೇ ಇಲ್ಲಿಯೂ ಸಾಕ್ಷಿ. ಭಾರತಕ್ಕೆ ಬರುವಾಗ, 630ರ ಸುಮಾರಿಗೆ, ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಅವನು ಎರಡು ತಿಂಗಳು ಕೂಚಾದಲ್ಲೇ ಉಳಿದ. ಗೋಧಿ, ಭತ್ತ, ದ್ರಾಕ್ಷಿ, ದಾಳಿಂಬೆ ಬೆಳೆಯುವ ನಾಡು ಅದು. ತಂತಿವಾದ್ಯ, ಕೊಳಲುಗಳಲ್ಲಿ ಅಲ್ಲಿಯವರು ಸುತ್ತಲಿನವರನ್ನೆಲ್ಲ ಮೀರಿಸಿದವರು ಎನ್ನುತ್ತಾನೆ. ಮರಳುಗಾಡಿನ ಅಂಚಿನಲ್ಲಿ ಭತ್ತ ಬೆಳೆದದ್ದು ಟಿಯಾನ್‌ಶಾನ್ ಬೆಟ್ಟದ ಹಿಮ ಕರಗಿ ಹರಿದ ಹೊಳೆಗಳಿಂದ.

ನನಗೆ ಈ ಜನ ತೀರ ಹತ್ತಿರವಾದದ್ದು ಮರದ ಪುಟ್ಟ ಹಲಗೆಗಳ ಮೂಲಕ. ಹ್ಯುಯೆನ್ ತ್ಸಾಂಗ್ ಕಂಡ ಸುವರ್ಣದೇವ ರಾಜನ ಕಾಲದ ರಹದಾರಿಗಳವು. ಯಾರು ಹೊರಟಿದ್ದಾರೆ, ಜೊತೆಗೆ ಎಷ್ಟು ಜನ, ಎಷ್ಟು ಕತ್ತೆ, ಎಷ್ಟು ಕುದುರೆ ಎಂದು ಬರೆದು, ಅದಕ್ಕಿಂತ ಹೆಚ್ಚಿದ್ದರೆ ಬಿಡಬಾರದೆಂದು ಕಾವಲಿನವನಿಗೆ ಆಜ್ಞೆ. ಬೌದ್ಧ ವಿಹಾರಗಳ ಲೆಕ್ಕದ ಹಾಳೆಗಳಲ್ಲಿ ಧಾನ್ಯ, ಕುರಿ, ದ್ರಾಕ್ಷಾರಸದ ಜಮಾಖರ್ಚು ಇದೆ. ಆಯುರ್ವೇದದ 'ಯೋಗಶತಕ' ಅವರ ನುಡಿಗೆ ಇಳಿದಿತ್ತು. ಒಂದು ಪ್ರೇಮಗೀತೆಯೂ ಉಳಿದಿದೆ.

9ನೇ ಶತಮಾನದಲ್ಲಿ ಉಯ್ಗುರರು ಬಂದು ನೆಲೆಸಿದ ಮೇಲೆ ತುರ್ಕಿ ಮಾತು ಹರಡಿ, ಈ ನುಡಿ ಅಳಿಯಿತು. ರೇಷ್ಮೆ ದಾರಿಯ ಪಾಠ ಮಾಡುವಾಗ ಆ ಹಲಗೆಗಳ ವಿಷಯವನ್ನೂ ಮಕ್ಕಳಿಗೆ ಹೇಳಿ. ಅವುಗಳ ಮೇಲಿರುವುದು ಬ್ರಾಹ್ಮಿಯಿಂದ ಬಂದ ಅಕ್ಷರ. ನಮ್ಮ ಕನ್ನಡ ಲಿಪಿಯ ಬೇರೂ ಅಲ್ಲಿಯೇ ಇದೆ.