ಪುಣೆಯೋ ಬೆಂಗಳೂರೋ: ಬೆಳುಂಕಿ ಮನೆತನದ ಲೆಕ್ಕ

2025ರ ಬೇಸಿಗೆಯಲ್ಲಿ ಬೆಂಗಳೂರಿನ ಕಂಪನಿಯೊಂದು ನನಗೆ ಕೆಲಸ ಕೊಡಲು ಮುಂದೆ ಬಂತು. ಪುಣೆಯಲ್ಲಿ ನನ್ನ ಸಿಟಿಸಿ 10.8 ಲಕ್ಷ, ಅಲ್ಲಿ 15 ಲಕ್ಷ. ಗೆಳೆಯರಿಗೆ ಹೇಳಿದರೆ "ಇನ್ನೂ ಏನು ವಿಚಾರ ಮಾಡ್ತೀ?" ಎಂದರು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಹಳ್ಳಿ ಬೆಳುಂಕಿಯಲ್ಲಿರುವ ಅಪ್ಪನಿಗೆ ಫೋನ್ ಮಾಡಿದಾಗ ಬಂದ ಪ್ರಶ್ನೆ ಬೇರೆ: "ಪಗಾರ ಇರಲೊ ತಮ್ಮಾ, ತಿಂಗಳಾ ಕೊನಿಗೆ ಕೈಯಾಗ ಎಷ್ಟ ಉಳಿತೈತಿ?" ದಾಳಿಂಬೆ ಬೆಳೆಯುವವರು ಪೇಟೆಯ ದರ ಕೇಳಿ ಹಿಗ್ಗುವುದಿಲ್ಲ, ಔಷಧಿ, ಕೂಲಿ, ಲಾರಿ ಬಾಡಿಗೆ, ಅಡತಿ ಎಲ್ಲ ಕಳೆದ ಮೇಲೆಯೇ ಮಾತು. ನಾವೂ ಹಾಗೆಯೇ ಕಳೆಯುತ್ತ ಕೂತೆವು.

ಮೊದಲು ಪಗಾರ. ಸಿಟಿಸಿ ಏರಿದ್ದು ಶೇ 39ರಷ್ಟು. ಆದರೆ ಅದರೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲ ಸೇರಿರುತ್ತವೆ. ಮೇಲಾಗಿ ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ 12.75 ಲಕ್ಷದವರೆಗಿನ ಪಗಾರಕ್ಕೆ ತೆರಿಗೆ ಇಲ್ಲ. ಆ ಗೆರೆಯನ್ನು ಚೆನ್ನಾಗಿ ದಾಟಿದರೆ 4 ಲಕ್ಷದ ಮೇಲಿನ ಹಂತಗಳಿಂದಲೇ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಪುಣೆಯಲ್ಲಿ ಶೂನ್ಯವಿದ್ದ ನನ್ನ ತೆರಿಗೆ ಬೆಂಗಳೂರಿನಲ್ಲಿ ವರ್ಷಕ್ಕೆ 80 ಸಾವಿರ ಆಗುತ್ತಿತ್ತು. ಕೈಗೆ ಬರುವುದು 78 ಸಾವಿರದಿಂದ 1 ಲಕ್ಷಕ್ಕೆ, ಅಂದರೆ ಶೇ 28ರಷ್ಟು ಏರಿಕೆ. ವೃತ್ತಿ ತೆರಿಗೆ ಎರಡೂ ಕಡೆ ವರ್ಷಕ್ಕೆ 2,500, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ. ಕೆಲಸ ಬದಲಿಸುವವರು ಯಾವ ಊರಿನವರೇ ಆಗಲಿ, ಆಫರ್ ಪತ್ರ ಕೈಗೆ ಬಂದ ದಿನವೇ ಕೈಗೆ ಬರುವ ಮೊತ್ತವನ್ನು ಎಚ್‌ಆರ್‌ನಿಂದ ಬರೆಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಹೆಚ್ಚಿಗೆ ಬರುವ ಈ 22 ಸಾವಿರ ಎಲ್ಲೆಲ್ಲಿ ಹೋಗುತ್ತಿತ್ತು? ಪುಣೆ ಹತ್ತಿರದ ಚಿಂಚವಡದ ನಮ್ಮ ಎರಡು ಕೋಣೆಯ ಮನೆಗೆ 21 ಸಾವಿರ ಬಾಡಿಗೆ. ಕೆಲಸಕ್ಕೆ ಹತ್ತಿರವಾಗಿ ಮಾರತಹಳ್ಳಿಯಲ್ಲಿ ನೋಡಿದ ಅಂಥದೇ ಮನೆಗೆ 33 ಸಾವಿರ. ಡಿಪಾಜಿಟ್ಟು ಇಲ್ಲಿ 60 ಸಾವಿರ, ಅಲ್ಲಿ ಎರಡೂವರೆ ಲಕ್ಷ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಬೆಂಗಳೂರಿನ ಮಾಲೀಕರ ಬಾಯಲ್ಲಿ ಮಾತ್ರ ಆರು ತಿಂಗಳು, ಹತ್ತು ತಿಂಗಳು. "ವಾಪಸ್ ಬರೋ ದುಡ್ಡಲ್ವಾ ಸಾರ್" ಎಂದ ದಲ್ಲಾಳಿ. ಬರುತ್ತದೆ, ಬಣ್ಣದ ಖರ್ಚು ಮುರಿದುಕೊಂಡು ಬರುತ್ತದೆ, ಬಡ್ಡಿಯಿಲ್ಲದೆ ಬರುತ್ತದೆ. ಹೆಚ್ಚಿಗೆ ಸಿಕ್ಕಿಬೀಳುವ 1.9 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿಟ್ಟರೆ ತಿಂಗಳಿಗೆ 1,100 ರೂಪಾಯಿ. ಅದೂ ಬಾಡಿಗೆಯೇ. ಮಗಳ ಶಾಲೆಗೆ 2,400 ಹೆಚ್ಚು.

ಆಮೇಲೆ ಊರಿನ ದಾರಿ. ಈಗ ಶನಿವಾರ ಕೆಲಸ ಮುಗಿಸಿ ಸ್ವಾರಗೇಟಿಗೆ ಹೋಗಿ ಎಸ್‌ಟಿ ಬಸ್ಸು ಹತ್ತಿದರೆ ರವಿವಾರ ಅವ್ವನ ಕೈಯ ರೊಟ್ಟಿ. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟು, ಅದಕ್ಕೂ ಮೊದಲಿನಿಂದ 75 ದಾಟಿದವರಿಗೆ ಪುಕ್ಕಟೆ. ನನ್ನ ಹೆಂಡತಿ ಅರ್ಧ ಕೊಟ್ಟು ಹೋಗುತ್ತಾಳೆ, 77ರ ಅಪ್ಪ ಏನೂ ಕೊಡದೆ ಪುಣೆಗೆ ಬಂದು ಕಣ್ಣು ತೋರಿಸಿಕೊಂಡು ಹೋಗುತ್ತಾನೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಹೆಂಗಸರಿಗೆ ಪೂರ್ತಿ ಪುಕ್ಕಟೆ ಕೊಟ್ಟಿದೆ ನಿಜ, ಆದರೆ ಕರ್ನಾಟಕದ ವಿಳಾಸ ಬೇಕು, ರಾಜ್ಯದೊಳಗಿನ ಪ್ರಯಾಣ ಆಗಬೇಕು. ಸಾಂಗಲಿ ಜಿಲ್ಲೆಯ ಹಳ್ಳಿಗೆ ಅದು ಮುಟ್ಟಿಸುವುದಿಲ್ಲ. ಬೆಂಗಳೂರಿನಿಂದ ನಮಗೆ ಒಳ್ಳೆಯ ಗಾಡಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ರಾತ್ರಿ ಹತ್ತಿದರೆ ಮರುದಿನ ಮಿರಜ, ಅಲ್ಲಿಂದ ಬಸ್ಸು. ಹೋಗಿ ಬರಲು ರಜೆ ಹಾಕಲೇಬೇಕು. ಇದಕ್ಕೆ ತಿಂಗಳಿಗೆ 2,500 ಎಂದು ಹಿಡಿದೆವು.

ಎಲ್ಲ ಕಳೆದ ಮೇಲೆ 4 ಸಾವಿರ ಉಳಿಯಿತು. ನಂತರ ಬಂತು ಹೆಂಡತಿಯ ಪಗಾರ. ಗಂಡನ ಆಫರ್ ಪತ್ರ ಹಿಡಿದು ಲೆಕ್ಕ ಹಾಕುವ ಎಷ್ಟೋ ಮನೆಗಳಲ್ಲಿ ಈ ಸಾಲು ಬರೆಯುವುದೇ ಇಲ್ಲ, ಅದು ನನಗೆ ನೋವಿನ ಸಂಗತಿ. ಅವಳು ಇಲ್ಲಿ ಒಂದು ಪತಸಂಸ್ಥೆಯಲ್ಲಿ, ಅಂದರೆ ಪತ್ತಿನ ಸಹಕಾರಿ ಸಂಘದಲ್ಲಿ, ಲೆಕ್ಕ ಬರೆಯುತ್ತಾಳೆ, 19 ಸಾವಿರ. ಖಾತೆ ಪುಸ್ತಕ, ಠರಾವು, ನೋಟೀಸು ಎಲ್ಲ ಮರಾಠಿ. ನಾನು ನಮ್ಮ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವನು. ಅವಳೂ ಜತ್ತ ತಾಲೂಕಿನವಳೇ, ಕಲಿತಿದ್ದು ಮರಾಠಿ ಶಾಲೆಯಲ್ಲಿ. "ನಂಗ ಕನ್ನಡ ಮಾತಾಡಾಕ ಬರತೈತಿ, ಓದಾಕ ಎಲ್ಲಿ ಬರತೈತ್ರಿ? ಅಲ್ಲಿ ಹೋಗಿ ನಾ ಮನ್ಯಾಗ ಕುಂದರಬೇಕೇನ?" ಎಂದು ಕೇಳಿದಳು. 4 ಸಾವಿರದಿಂದ 19 ಸಾವಿರ ಕಳೆದರೆ 15 ಸಾವಿರ ತೂತು. ಪ್ರತಿ ತಿಂಗಳು ನಾವು ಬೆಳುಂಕಿಗೆ ಕಳಿಸುವುದೂ ಅಷ್ಟೇ: ಅವ್ವನ ಗುಳಿಗೆ, ತೋಟದ ಔಷಧಿ, ಬೋರಿನ ಮೋಟಾರು. ಲಾರಿ, ದಲ್ಲಾಳಿ, ಶಾಲೆಯ ಪ್ರವೇಶ ಇವು ಒಂದು ಸಲದ ಖರ್ಚು, ಬೇರೆ. ಕಾರನ್ನು 12 ತಿಂಗಳಿಗಿಂತ ಹೆಚ್ಚು ಬೇರೆ ರಾಜ್ಯದಲ್ಲಿ ಇಟ್ಟರೆ ಹೊಸ ನಂಬರು ಮಾಡಿಸಬೇಕು. ಕರ್ನಾಟಕದ ತೆರಿಗೆ ಮೊದಲು ಕಟ್ಟಿ, ಮಹಾರಾಷ್ಟ್ರದ್ದು ವಾಪಸು ಬರುವುದನ್ನು ಕಾಯಬೇಕು.

ಇಷ್ಟಾದರೂ ಬೆಂಗಳೂರು ನಮಗೆ ಬರೀ ಇನ್ನೊಂದು ಊರಲ್ಲ. ಎರಡು ರಾಜ್ಯಗಳ ಗಡಿ ತಂಟೆಯನ್ನು ನೋಡಿದ ಮಹಾಜನ ಆಯೋಗ 1967ರಲ್ಲಿ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತ್ತು, ನಾವು ಅದನ್ನು ಕೇಳುತ್ತಲೇ ಬೆಳೆದವರು. ನೀರಿಗಾಗಿ ಬೇಸತ್ತ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಮಾಡಿದ ಠರಾವು 2022ರ ನವೆಂಬರಿನಲ್ಲಿ ಎರಡೂ ರಾಜ್ಯಗಳಲ್ಲಿ ಗದ್ದಲ ಎಬ್ಬಿಸಿದಾಗ ನಮ್ಮ ಮನೆಯ ಫೋನು ಸುಮ್ಮನಿರಲಿಲ್ಲ. ಮಗಳು ಬಸ್ಸಿನ ಬೋರ್ಡಿನ ಮೇಲೆ, ಅಂಗಡಿಯ ಮೇಲೆ, ಪಠ್ಯಪುಸ್ತಕದಲ್ಲಿ ಕನ್ನಡ ಓದಬೇಕೆಂಬ ಆಸೆ ನನಗೆ ಬಹಳ. ಅದಕ್ಕೆ ಹಣ ಕೊಡಲೂ ತಯಾರಿದ್ದೇನೆ. ಆದರೆ ಆ ಆಸೆಯನ್ನು ಪಗಾರದ ಲೆಕ್ಕದೊಳಗೆ ಕಲಸಬಾರದು ಎಂದು ಇಬ್ಬರೂ ಒಪ್ಪಿದೆವು. ಅದರ ಬೆಲೆಯನ್ನು ಬೇರೆಯಾಗಿಯೇ ಬರೆದೆವು: ತಿಂಗಳಿಗೆ 5 ಸಾವಿರ. 15 ಕೊಡುವ ಶಕ್ತಿ ನಮಗಿಲ್ಲ.

ಇನ್ನೊಂದು ವಿಷಯ ಗಡಿಯ ಪಾಲಕರು ತಿಳಿದಿರಬೇಕು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ಕಲಮು ಇದೆ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳಲ್ಲಿ ಮತ್ತು ಕಾಸರಗೋಡಿನ ಕಡೆ ಏಳು ವರ್ಷ ಇದ್ದು ಕಲಿತ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರುವ ಮಕ್ಕಳಿಗೆ. ಪುಣೆಯಲ್ಲಿ ಕಲಿಯುತ್ತಿರುವ ನನ್ನ ಮಗಳು ಇದರಲ್ಲಿ ಬರುವುದಿಲ್ಲ. ಅವಳು ಸಾಮಾನ್ಯ ಕಲಮಿನಲ್ಲಿ ಬರಬೇಕಾದರೆ ಕರ್ನಾಟಕದಲ್ಲೇ ಏಳು ವರ್ಷ ಓದಬೇಕು, ಅಂದರೆ ಆರನೇ ಇಯತ್ತೆಯಿಂದ ಪಿಯುಸಿವರೆಗೆ. 2025ರ ಜೂನಿನಲ್ಲಿ ಅವಳು ನಾಲ್ಕನೇ ಇಯತ್ತೆಗೆ ಹೋದಳು. ಹಾಗಾಗಿ ನಮಗೆ ಇರುವ ಗಡುವು 2027ರ ಜೂನ್.

ಕಂಪನಿಗೆ ನಾನು ಒಂದೇ ಮೊತ್ತ ತಿಳಿಸಿದೆ: ಕೈಗೆ 1 ಲಕ್ಷ 10 ಸಾವಿರ. 15ರ ತೂತಿನಲ್ಲಿ 10 ಅವರು ತುಂಬಿದರೆ 5 ನಾವು ಕನ್ನಡಕ್ಕೆಂದು ತುಂಬುತ್ತೇವೆ ಎಂಬುದು ನಮ್ಮ ಮನೆಯ ಲೆಕ್ಕ. ಅವರು ಆಗುವುದಿಲ್ಲ ಎಂದರು, ನಾನು ಬರುವುದಿಲ್ಲ ಎಂದು ಬರೆದೆ. ಹೆಂಡತಿ ಈಗ ಸಂಜೆ ಟ್ಯಾಲಿ ಮತ್ತು ಜಿಎಸ್‌ಟಿ ತರಗತಿಗೆ ಹೋಗುತ್ತಾಳೆ, ಅದು ಯಾವ ಊರಿನಲ್ಲಾದರೂ ನಡೆಯುವ ವಿದ್ಯೆ. ಡಿಪಾಜಿಟ್ಟಿಗೆಂದು ತಿಂಗಳಿಗೆ 8 ಸಾವಿರದ ಆರ್‌ಡಿ ಶುರು ಮಾಡಿದ್ದೇವೆ. ಗಡುವಿನೊಳಗೆ ಅವಳಿಗೆ ಬೆಂಗಳೂರಿನಲ್ಲಿ 20 ಸಾವಿರದ ಕೆಲಸ ಸಿಕ್ಕರೆ ನಾನು ಇದೇ ಒಂದು ಲಕ್ಷಕ್ಕೂ ಹೊರಡುತ್ತೇನೆ.